ಬೈಕಿನ ಹಿಂದಿನ ಶಾಕ್, ಸ್ವಿಂಗ್‌ಆರ್ಮ್ ನಾನೇ ಬಿಚ್ಚಿ ಗ್ರೀಸ್ ಹಾಕಬಹುದಾ?

ಪ್ರಶ್ನೆ: ನನ್ನ ಬೈಕ್ 45,000 ಕಿ.ಮೀ. ಓಡಿದೆ. ಹಿಂದೆ ಒಂದೇ ಶಾಕ್, ಅದರ ಕೆಳಗೆ ಲಿಂಕೇಜ್ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಸೇರಿಸುವ ಕೀಲುಪಟ್ಟಿಗಳು) ಇರುವ ಮಾದರಿ. ಮಳೆಯಲ್ಲೂ ಓಡಿಸುತ್ತೇನೆ, ಪ್ರೆಶರ್ ವಾಶರ್‌ನಲ್ಲಿ ತೊಳೆಯುತ್ತೇನೆ. ಕೆಲವು ತಿಂಗಳಿಂದ ಹಂಪ್ ದಾಟುವಾಗ ಹಿಂದಿನಿಂದ ಕಿರ್ ಎಂಬ ಸದ್ದು ಬರುತ್ತಿದೆ. ಸಣ್ಣ ಗುಂಡಿಗೆ ಇಳಿದರೂ ಹೊಡೆತ ನೇರ ಬೆನ್ನಿಗೆ ಬರುತ್ತದೆ. ಶಾಕ್ ಹೋಗಿದೆ, ಹೊಸದು ಹಾಕಿ ಎಂದು ಮೆಕ್ಯಾನಿಕ್ ಹೇಳಿದರು. ಆದರೆ ಎಣ್ಣೆ ಸೋರಿದ ಗುರುತಿಲ್ಲ. ಶಾಕ್ ಮತ್ತು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ನಾನೇ ಬಿಚ್ಚಿ ಸರ್ವಿಸ್ ಮಾಡಬಹುದಾ? ಪ್ಯಾಡಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ಇವೆ. ಸೆಂಟರ್ ಸ್ಟ್ಯಾಂಡ್ ಇಲ್ಲ.

ಉತ್ತರ: ಖಂಡಿತ ಮಾಡಬಹುದು. ಆದರೆ ನೀವು ಬರೆದಿರುವುದನ್ನು ಓದಿದರೆ ನನಗೆ ಶಾಕ್ ಮೇಲೆ ಅಷ್ಟು ಅನುಮಾನ ಬರುತ್ತಿಲ್ಲ. ಡ್ಯಾಂಪಿಂಗ್ (ಕುಣಿತ ತಡೆಯುವ ಗುಣ) ಹೋದ ಶಾಕ್ ಸಾಮಾನ್ಯವಾಗಿ ಗಟ್ಟಿಯಾಗುವುದಿಲ್ಲ, ಸಡಿಲವಾಗುತ್ತದೆ. ಹಂಪ್ ದಾಟಿದ ಮೇಲೂ ಹಿಂಭಾಗ ಎರಡು ಮೂರು ಸಲ ಮೇಲೆ ಕೆಳಗೆ ಕುಣಿಯುತ್ತದೆ, ವೇಗದ ತಿರುವಿನಲ್ಲಿ ತೇಲಿದ ಹಾಗಾಗುತ್ತದೆ. ನಿಮ್ಮದು ಅದರ ಉಲ್ಟಾ. ಸಣ್ಣ ಗುಂಡಿಯ ಹೊಡೆತ ಹಾಗೇ ಬೆನ್ನಿಗೆ ಬರುತ್ತಿದೆ ಅಂದರೆ ಶಾಕ್ ಕೆಲಸ ಶುರು ಮಾಡುವ ಮೊದಲೇ ಎಲ್ಲೋ ಏನೋ ಹಿಡಿದುಕೊಂಡಿದೆ. ಅದರ ಜೊತೆ ಕಿರ್ ಸದ್ದು, ಮಳೆ, ಪ್ರೆಶರ್ ವಾಶರ್. ಇಷ್ಟು ಸೇರಿದರೆ ನನ್ನ ಬೆರಳು ಲಿಂಕೇಜ್ ಬೇರಿಂಗ್ ಕಡೆ ಹೋಗುತ್ತದೆ.

ಯಾಕೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಮುಂದಿನ ಕೆಲಸದಲ್ಲಿ ಎಲ್ಲಿ ಜಾಸ್ತಿ ಗಮನ ಕೊಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಹಿಂದಿನ ಚಕ್ರ 120 ಮಿ.ಮೀ. ಮೇಲೆ ಬಂದರೆ ಶಾಕ್ ಒಳಗೆ ಹೋಗುವುದು ಸುಮಾರು 50 ಮಿ.ಮೀ. ಅಷ್ಟೇ. ಚಲನೆ ಎಷ್ಟು ಪಾಲು ಕಡಿಮೆಯಾಯಿತೋ ಬಲ ಅಷ್ಟು ಪಾಲು ಹೆಚ್ಚುತ್ತದೆ. ಅಂದರೆ ಚಕ್ರಕ್ಕೆ ಬಿದ್ದ ಭಾರದ ಎರಡು ಎರಡೂವರೆ ಪಟ್ಟು ಶಾಕಿನ ಮತ್ತು ಲಿಂಕೇಜಿನ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಅಲ್ಲಿರುವುದು ಬೆರಳುಗಾತ್ರದ ನೀಡಲ್ ಬೇರಿಂಗ್‌ಗಳು, ಅಂದರೆ ಗುಂಡುಗಳ ಬದಲು ಸೂಜಿಯಂಥ ತೆಳು ಉಕ್ಕಿನ ಕಡ್ಡಿಗಳಿರುವ ಬೇರಿಂಗ್‌ಗಳು. ಚಕ್ರದ ಬೇರಿಂಗ್ ಪೂರ್ತಿ ಸುತ್ತುತ್ತದೆ, ಗ್ರೀಸ್ ಎಲ್ಲ ಕಡೆ ಹರಡುತ್ತದೆ. ಲಿಂಕೇಜ್ ಬೇರಿಂಗ್ ಹಾಗಲ್ಲ. ಅದು ಕೆಲವೇ ಡಿಗ್ರಿ ಆ ಕಡೆ ಈ ಕಡೆ ಆಡುತ್ತದೆ. ಒಂದು ಸೂಜಿ ವರ್ಷಗಟ್ಟಲೆ ಅದೇ ಜಾಗದಲ್ಲಿ ಉಜ್ಜುತ್ತಾ ಗ್ರೀಸನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಜಾಗಕ್ಕೆ ವಾಶರ್‌ನ ನೀರು ನುಗ್ಗುತ್ತದೆ. ಮೇಲಾಗಿ ಇದೆಲ್ಲ ಇರುವುದು ಬೈಕಿನ ಹೊಟ್ಟೆಯ ಕೆಳಗೆ, ಚಕ್ರ ಕೆಸರು ಎರಚುವ ದಾರಿಯಲ್ಲೇ. ಫ್ಯಾಕ್ಟರಿಯಿಂದ ಬರುವಾಗಲೂ ಹಲವು ಬೈಕ್‌ಗಳಲ್ಲಿ ಇಲ್ಲಿ ಗ್ರೀಸ್ ತೆಳುವಾಗಿಯೇ ಇರುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಹಿಂದಿನ ಚಕ್ರ ನೆಲ ಬಿಟ್ಟಿರುವ ಹಾಗೆ ಬೈಕನ್ನು ಎತ್ತಿ ನಿಲ್ಲಿಸಿ. ಇದಕ್ಕೆ ಪ್ಯಾಡಾಕ್ ಸ್ಟ್ಯಾಂಡ್ ಆಗುವುದಿಲ್ಲ, ಕಾರಣ ಕೆಳಗೆ ಹೇಳಿದ್ದೇನೆ. ಚಕ್ರದ ಕೆಳಭಾಗ ಹಿಡಿದು ನಿಧಾನ ಮೇಲೆತ್ತಿ ಬಿಡಿ. ಶಾಕ್ ಒತ್ತುವ ಮೊದಲೇ ಟಕ್ ಅಂತ ಒಂದಿಷ್ಟು ಸಡಿಲ ಕೈಗೆ ಸಿಕ್ಕಿದರೆ ಲಿಂಕೇಜ್ ಅಥವಾ ಶಾಕಿನ ಕಣ್ಣಿನ (ತುದಿಯಲ್ಲಿ ಬೋಲ್ಟ್ ಹೋಗುವ ರಂಧ್ರದ) ಬುಷ್ ಸವೆದಿದೆ. ಆಮೇಲೆ ಸ್ವಿಂಗ್‌ಆರ್ಮಿನ ತುದಿಯನ್ನು ಆಕ್ಸಲ್ ಹತ್ತಿರ ಹಿಡಿದು ಎಡಕ್ಕೆ ಬಲಕ್ಕೆ ಎಳೆಯಿರಿ. ಅಲ್ಲಿ ಪ್ಲೇ (ಸಡಿಲ) ಇದ್ದರೆ ಅದು ಪಿವೋಟ್, ಅಂದರೆ ಆರ್ಮ್ ಫ್ರೇಮಿಗೆ ಸೇರುವ ಕೀಲಿನ ಬೇರಿಂಗ್. ಆರ್ಮ್ ಅಲುಗದೆ ಚಕ್ರ ಮಾತ್ರ ಮೇಲೂ ಕೆಳಗೂ ವಾಲಿದರೆ ಅದು ಚಕ್ರದ ಬೇರಿಂಗ್, ಅದರ ಕತೆ ಬೇರೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ. ಯಾಕೆಂದರೆ ಓಡಿಸುವಾಗ ಮೂರೂ ಒಂದೇ ತರಹ ಅನ್ನಿಸುತ್ತವೆ.

ಈಗ ಬೈಕನ್ನು ನಿಲ್ಲಿಸುವ ವಿಷಯ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಳಜಿ ಮಾಡುವುದು ಇದಕ್ಕೇ. ನಿಮ್ಮ ಪ್ಯಾಡಾಕ್ ಸ್ಟ್ಯಾಂಡ್ ಎತ್ತುವುದು ಸ್ವಿಂಗ್‌ಆರ್ಮನ್ನು. ಬಿಚ್ಚಬೇಕಾದದ್ದೂ ಅದನ್ನೇ. ಹಾಗಾಗಿ ಶಾಕ್ ಬೋಲ್ಟ್ ಎಳೆದ ಕ್ಷಣ ಬೈಕ್ ಕೂತುಬಿಡುತ್ತದೆ. ಭಾರ ಫ್ರೇಮಿನ ಮೇಲೆ ನಿಲ್ಲಬೇಕು, ಸ್ವಿಂಗ್‌ಆರ್ಮ್ ಮೇಲೆ ಅಲ್ಲ. ಕೆಳಗೆ ಫ್ರೇಮಿನ ಪೈಪ್ ಇರುವ ಬೈಕ್ ಆದರೆ ಮರದ ಹಲಗೆ ಇಟ್ಟು ಅಗಲ ತಲೆಯ ಜಾಕ್ ಕೊಡಬಹುದು. ಎಂಜಿನ್ನೇ ಕೆಳಗಿರುವ ಬೈಕಿನಲ್ಲಿ ಆಯಿಲ್ ಫಿಲ್ಟರ್, ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತಟ್ಟೆಯ) ತೆಳು ಅಂಚು, ಎಕ್ಸಾಸ್ಟ್ ಪೈಪ್ ಇವುಗಳ ಮೇಲೆ ಭಾರ ಹಾಕಬೇಡಿ. ನನಗೆ ಇಷ್ಟವಾದ ದಾರಿ ಮೇಲಿನಿಂದ ಕಟ್ಟುವುದು. ಎರಡು ಗಟ್ಟಿ ಕವಲು ಏಣಿಗಳ ಮೇಲೆ ದಪ್ಪ ಕಬ್ಬಿಣದ ಪೈಪ್ ಅಡ್ಡ ಇಟ್ಟು, ಹಿಂದಿನ ಸಬ್‌ಫ್ರೇಮಿಗೆ (ಸೀಟಿನ ಕೆಳಗಿನ ಲೋಹದ ಚೌಕಟ್ಟಿಗೆ) ಎರಡೂ ಬದಿಯಿಂದ ರ‍್ಯಾಚೆಟ್ ಬೆಲ್ಟ್ ಹಾಕಿ ಎಳೆದರೆ ಕೆಳಗೆಲ್ಲ ಜಾಗ ಖಾಲಿ ಸಿಗುತ್ತದೆ, ಲಿಂಕೇಜ್ ಬೋಲ್ಟಿಗೆ ಜಾಕ್ ಅಡ್ಡ ಬರುವುದಿಲ್ಲ. ಏಣಿಯ ಕಾಲು ಅಗಲವಾಗದ ಹಾಗೆ ಹಗ್ಗದಿಂದ ಕಟ್ಟಿ. ಬೆಲ್ಟನ್ನು ಪ್ಲಾಸ್ಟಿಕ್ ಗ್ರ್ಯಾಬ್ ರೈಲಿಗೆ ಹಾಕಬೇಡಿ, ಲೋಹದ ಫ್ರೇಮಿಗೇ ಹಾಕಿ.

ಮುಂದಿನ ಚಕ್ರವನ್ನು ಮುಂದೆ ಹಿಂದೆ ಎರಡೂ ಕಡೆ ಮರದ ತುಂಡಿನಿಂದ ಬಿಗಿ ಮಾಡಿ, ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಪಟ್ಟಿಯಿಂದ ಹಿಡಿಗೆ ಕಟ್ಟಿಬಿಡಿ. ಚಕ್ರ, ಆರ್ಮ್, ಶಾಕ್ ಮೂರೂ ಹೊರಬಂದ ಮೇಲೆ ಹಿಂದಿನಿಂದ ಇಪ್ಪತ್ತು ಕಿಲೋ ಆಸುಪಾಸು ಇಳಿದಿರುತ್ತದೆ. ಬೈಕಿನ ಭಾರ ಮುಂದಕ್ಕೆ ಜರುಗುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ನಿಂತ ಬೈಕ್ ಮಧ್ಯಾಹ್ನ ಮೂಗು ಬಗ್ಗಿಸುವುದು ಇದಕ್ಕೇ. ಕೆಲಸದ ಮಧ್ಯೆ ಆಗಾಗ ಬೈಕ್ ಅಲುಗಿಸಿ ನೋಡಿ.

ಬೈಕ್ ಎತ್ತುವ ಮೊದಲೇ, ಎರಡೂ ಚಕ್ರ ನೆಲದ ಮೇಲಿರುವಾಗ, ದೊಡ್ಡ ನಟ್‌ಗಳನ್ನೆಲ್ಲ ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ. ಆಕ್ಸಲ್ ನಟ್, ಪಿವೋಟ್ ನಟ್, ಲಿಂಕೇಜ್ ಬೋಲ್ಟ್‌ಗಳು. ಬಿಚ್ಚುವುದು ಬೇಡ, ಬಿಗಿ ಬಿಟ್ಟರೆ ಸಾಕು. ಏಣಿಗೆ ನೇತುಬಿಟ್ಟ ಬೈಕಿನ ಮೇಲೆ ಉದ್ದ ರಾಡ್ ಹಾಕಿ ಜಗ್ಗಾಡುವ ಪರಿಸ್ಥಿತಿ ತಂದುಕೊಳ್ಳಬಾರದು. ಮುಂದಿನ ಸ್ಪ್ರಾಕೆಟ್ ತೆಗೆಯುವ ಯೋಚನೆ ಇದ್ದರೆ ಅದರ ನಟ್ ಕೂಡ ಈಗಲೇ, ಚೈನ್ ಮೇಲಿರುವಾಗ, ಗೇರ್ ಹಾಕಿ ಯಾರನ್ನಾದರೂ ಬ್ರೇಕ್ ಒತ್ತಲು ಹೇಳಿ ಸಡಿಲ ಮಾಡಿ. ಚಕ್ರ ಹೋದ ಮೇಲೆ ಅದನ್ನು ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಇಲ್ಲಿ ಚೈನಿನ ಒಂದು ತೊಡಕು ಇದೆ. ಚೈನ್ ಸ್ವಿಂಗ್‌ಆರ್ಮಿನ ಒಂದು ತೋಳನ್ನು ಸುತ್ತುವರಿದಿರುತ್ತದೆ. ಆರ್ಮ್ ಹೊರಬರಬೇಕಾದರೆ ಚೈನ್ ಕತ್ತರಿಸಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬೇಡ. ಮುಂದಿನ ಸ್ಪ್ರಾಕೆಟ್ ಕವರ್ ತೆಗೆದು, ಚೈನನ್ನು ಸ್ಪ್ರಾಕೆಟ್‌ನಿಂದ ಜಾರಿಸಿ ಬಿಟ್ಟರೆ ಚೈನ್ ಸಮೇತ ಆರ್ಮ್ ಹೊರಬರುತ್ತದೆ. ಜಾರಿಸಲು ಸಡಿಲ ಸಾಲದಿದ್ದರೆ ಮಾತ್ರ ಸ್ಪ್ರಾಕೆಟ್ ಬಿಚ್ಚಬೇಕು.

ಚಕ್ರ ತೆಗೆಯುವುದು ನಿಮಗೆ ಗೊತ್ತೇ ಇರುತ್ತದೆ. ಎರಡೇ ಎಚ್ಚರಿಕೆ. ಬ್ರೇಕ್ ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಫ್ರೇಮಿಗೆ ಕಟ್ಟಿ. ಡಿಸ್ಕ್ ಇಲ್ಲದಾಗ ಬ್ರೇಕ್ ಪೆಡಲ್ ಒತ್ತಬೇಡಿ, ಪಿಸ್ಟನ್ ಹೊರಬರುತ್ತದೆ. ಆರ್ಮಿನ ಮೇಲೆ ಹಾದುಹೋಗುವ ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರ್ ಎಲ್ಲೆಲ್ಲಿ ಕ್ಲಿಪ್ ಆಗಿವೆ ಅಂತ ಫೋಟೋ ತೆಗೆದುಕೊಳ್ಳಿ. ಎರಡು ಕಡೆಯಿಂದಲೂ. ಮತ್ತೆ ಜೋಡಿಸುವಾಗ ವೈರ್ ಆರ್ಮಿನ ಮೇಲೆ ಇತ್ತೋ ಒಳಗೆ ಇತ್ತೋ ಎಂಬ ಅನುಮಾನ ಬಂದೇ ಬರುತ್ತದೆ.

ಈಗ ಶಾಕಿನ ಕೆಳಗಿನ ಬೋಲ್ಟ್. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲೇ ಇದೆ: ಭಾರ ಇಳಿದ ಬೋಲ್ಟ್ ಬೆರಳಲ್ಲೇ ಬರುತ್ತದೆ. ನಟ್ ತೆಗೆದ ಮೇಲೂ ಬೋಲ್ಟ್ ಅಲುಗದಿದ್ದರೆ ಸುತ್ತಿಗೆಗೆ ಕೈ ಹಾಕುವ ಮೊದಲು ಅದರ ಮೇಲೆ ಯಾವುದು ಕೂತಿದೆ ನೋಡಿ. ಆರ್ಮಿನ ತುದಿಯ ಕೆಳಗೆ ಸಣ್ಣ ಜಾಕ್ ಇಡಿ. ಒಂದು ಕೈಯಲ್ಲಿ ಬೋಲ್ಟಿನ ತಲೆಯನ್ನು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಜಾಕನ್ನು ಕೂದಲಷ್ಟು ಕೂದಲಷ್ಟು ಏರಿಸಿ. ಮೊದಲು ಬೋಲ್ಟ್ ಬಿಗಿಯಾಗಿರುತ್ತದೆ, ಯಾಕೆಂದರೆ ಆರ್ಮಿನ ತೂಕ ಅದರ ಮೇಲೆ ನೇತಾಡುತ್ತಿದೆ. ಏರಿಸುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಅದು ಬೆರಳಿಗೆ ಸಲೀಸಾಗಿ ತಿರುಗಲು ಶುರುವಾಗುತ್ತದೆ. ಅಲ್ಲಿಂದ ಇನ್ನೂ ಏರಿಸಿದರೆ ಮತ್ತೆ ಬಿಗಿ, ಈ ಸಲ ಸ್ಪ್ರಿಂಗಿನದ್ದು. ಆ ಸಲೀಸಾದ ಜಾಗ ಕೆಲವೇ ಮಿ.ಮೀ. ಅಷ್ಟೇ. ಅಲ್ಲಿ ನಿಲ್ಲಿಸಿ ಬೋಲ್ಟ್ ಎಳೆಯಿರಿ. ಭಾರ ಇರುವಾಗ ಹೊಡೆದು ತೆಗೆದ ಬೋಲ್ಟಿನ ತುದಿಯ ಥ್ರೆಡ್, ಒಳಗಿನ ಸ್ಲೀವನ್ನು (ಬೋಲ್ಟಿನ ಸುತ್ತ ಕೂರುವ ಉಕ್ಕಿನ ಕೊಳವೆಯನ್ನು) ಕೆರೆದುಕೊಂಡೇ ಬರುತ್ತದೆ. ಆಮೇಲೆ ಎರಡೂ ಹಾಳು.

ಕೆಳಗಿನ ಬೋಲ್ಟ್ ಬಂದ ಕೂಡಲೇ ಕೆಲಸ ನಿಲ್ಲಿಸಿ ಒಂದು ವಿಷಯ ನೋಡಿಬಿಡಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಈಗಲೇ. ಶಾಕಿನಿಂದ ಬಿಡಿಸಿಕೊಂಡ ಲಿಂಕೇಜನ್ನು ಕೈಯಲ್ಲಿ ಆಡಿಸಿ. ಆರ್ಮನ್ನೂ ಮೇಲೆತ್ತಿ ಬಿಡಿ. ಎರಡೂ ತಮ್ಮ ತೂಕಕ್ಕೇ ನುಣ್ಣಗೆ ಕೆಳಗೆ ಬರಬೇಕು. ಬಿಟ್ಟ ಜಾಗದಲ್ಲೇ ನಿಂತರೆ, ಕೈಗೆ ಮರಳು ಸಿಕ್ಕ ಹಾಗೆ ಗರಗರ ಎಂದರೆ, ಅಥವಾ ಆ ಹಳೆಯ ಕಿರ್ ಸದ್ದೇ ಬಂದರೆ, ತೊಂದರೆ ಬೇರಿಂಗಿನಲ್ಲಿದೆ. ಹೊಸ ಶಾಕ್ ಹಾಕಿದ್ದರೂ ಅದು ಹಾಗೇ ಉಳಿಯುತ್ತಿತ್ತು.

ಲಿಂಕೇಜ್ ಬಿಚ್ಚುವಾಗ ಒಂದು ರಟ್ಟಿನ ಮೇಲೆ ಅದರ ಚಿತ್ರ ಗೀಚಿ, ತೆಗೆದ ಬೋಲ್ಟನ್ನು ತೆಗೆದ ಕಡೆಯಿಂದಲೇ ರಟ್ಟಿಗೆ ಚುಚ್ಚಿಡಿ. ಬೋಲ್ಟ್‌ಗಳು ನೋಡಲು ಒಂದೇ ತರಹ ಇದ್ದರೂ ಉದ್ದ ಬೇರೆ ಇರಬಹುದು. ತಲೆ ಯಾವ ಬದಿಗೆ ಎನ್ನುವುದೂ ಸುಮ್ನೆ ಇಟ್ಟದ್ದಲ್ಲ. ಉಲ್ಟಾ ಹಾಕಿದರೆ ತುದಿ ಚೈನಿಗೋ ಎಕ್ಸಾಸ್ಟಿಗೋ ತಾಗುತ್ತದೆ. ಪಕ್ಕದ ಪಟ್ಟಿಗಳ ಮೇಲೆ ಅಕ್ಷರ ಅಥವಾ ಬಾಣದ ಗುರುತು ಇದ್ದರೆ ಅದು ಯಾವ ಕಡೆ ಮುಖ ಮಾಡಿತ್ತು ಅಂತ ಬರೆದುಕೊಳ್ಳಿ.

ಶಾಕಿನ ಮೇಲಿನ ಬೋಲ್ಟ್ ಸಿಗಲು ಕೆಲವು ಬೈಕಿನಲ್ಲಿ ಟ್ಯಾಂಕ್ ಎತ್ತಬೇಕು, ಕೆಲವದರಲ್ಲಿ ಬ್ಯಾಟರಿ ಡಬ್ಬಿ ತೆಗೆಯಬೇಕು. ಪಕ್ಕದಲ್ಲಿ ಹೋಸ್‌ನಿಂದ ಸೇರಿದ ಗ್ಯಾಸ್ ಡಬ್ಬಿ ಅಥವಾ ಪ್ರಿಲೋಡ್ (ಸ್ಪ್ರಿಂಗಿನ ಆರಂಭದ ಬಿಗಿ) ಹೊಂದಿಸುವ ಗುಂಡಿ ಇದ್ದರೆ ಅದರ ಹಿಡಿಕೆ ಬಿಚ್ಚಿ ಶಾಕಿನ ಜೊತೆಗೇ ಹೊರತನ್ನಿ. ಹೋಸ್ ಮಾತ್ರ ಬಿಚ್ಚಬೇಡಿ. ಒಳಗೆ ನೈಟ್ರೋಜನ್ ಇರುತ್ತದೆ, 10 ಬಾರ್ ಅಥವಾ ಅದಕ್ಕಿಂತ ಜಾಸ್ತಿ ಒತ್ತಡದಲ್ಲಿ. ಶಾಕಿನ ಒಳಭಾಗ ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಸ್ಪ್ರಿಂಗ್ ತೆಗೆಯಲೂ ಸರಿಯಾದ ಕಂಪ್ರೆಸರ್ ಉಪಕರಣ ಬೇಕು. ನೀವು ನೋಡಬೇಕಾದದ್ದು ಹೊರಗಿನಿಂದಲೇ ಕಾಣುತ್ತದೆ. ಹೊಳೆಯುವ ರಾಡಿನ ಮೇಲೆ ತುಕ್ಕಿನ ಚುಕ್ಕೆ ಇದೆಯಾ, ಸೀಲ್ ಹತ್ತಿರ ಎಣ್ಣೆ ಜಿಗುಟು ಇದೆಯಾ, ರಬ್ಬರ್ ಬಂಪ್ ಸ್ಟಾಪ್ ಪುಡಿಯಾಗಿದೆಯಾ, ಎರಡು ಕಣ್ಣಿನ ಬುಷ್ ಸಡಿಲವಾಗಿವೆಯಾ. ಇದೆಲ್ಲ ಸರಿ ಇದ್ದು, ಮೊದಲು ಹೇಳಿದ ಹಾಗೆ ಬೈಕ್ ಕುಣಿಯುತ್ತಲೂ ಇರದಿದ್ದರೆ ಹೊಸ ಶಾಕಿಗೆ ದುಡ್ಡು ಹಾಕುವ ಕಾರಣ ನನಗೆ ಕಾಣುವುದಿಲ್ಲ.

ಇನ್ನು ಪಿವೋಟ್ ಬೋಲ್ಟ್. ನಟ್ ತೆಗೆಯುವ ಮೊದಲು ಮ್ಯಾನುಯಲ್ ನೋಡಿ, ನಿಮ್ಮ ಬೈಕ್ ಯಾವ ತರಹದ್ದು ಅಂತ. ಕೆಲವದರಲ್ಲಿ ಉದ್ದ ಬೋಲ್ಟ್, ಒಂದು ನಟ್, ಅಷ್ಟೇ. ಇನ್ನು ಕೆಲವದರಲ್ಲಿ ಫ್ರೇಮಿನೊಳಗೆ ಥ್ರೆಡ್ ಆಗಿ ಕೂತ ಅಡ್ಜಸ್ಟರ್, ಅದರ ಮೇಲೆ ಕಚ್ಚು ಕಚ್ಚು ಇರುವ ಲಾಕ್ ನಟ್ ಇರುತ್ತದೆ. ಅದಕ್ಕೆ ಹಲ್ಲಿರುವ ವಿಶೇಷ ಸಾಕೆಟ್ ಬೇಕು. ನಿಮ್ಮ ಬಳಿ ಇರುವುದರ ಜೊತೆಗೆ ಬೇಕಾಗುವ ಮೊದಲ ಹೆಚ್ಚುವರಿ ಸಾಮಾನು ಇದು. ಉಳಿ ಇಟ್ಟು ಹೊಡೆದು ತಿರುಗಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಆರ್ಮಿನ ಪಕ್ಕದ ಪ್ಲೇಯನ್ನು ನಿರ್ಧರಿಸುವುದೇ ಆ ಅಡ್ಜಸ್ಟರ್. ಅದರ ಹಲ್ಲು ಕಿತ್ತರೆ ಮತ್ತೆ ಸರಿಯಾದ ಬಿಗಿಗೆ ಕೂರಿಸಲು ಆಗುವುದಿಲ್ಲ.

ಅಷ್ಟು ವರ್ಷ ಮಳೆ ಕಂಡ ಪಿವೋಟ್ ಬೋಲ್ಟ್ ಸುಲಭಕ್ಕೆ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲಸ ಶುರು ಮಾಡುವ ಹಿಂದಿನ ದಿನವೇ ಎರಡೂ ಬದಿಯಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ ತೆಗೆದ ಮೇಲೆ ಮೊದಲು ಹೊಡೆಯಬೇಡಿ, ತಿರುಗಿಸಿ. ಬೋಲ್ಟಿನ ತಲೆಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಆ ಕಡೆ ಈ ಕಡೆ ತಿರುಗಿಸಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಕರ್ ಎಂಬ ಸದ್ದಿನ ಜೊತೆ ಒಂದಿಷ್ಟು ಅಲುಗಿದರೆ ಅರ್ಧ ಗೆದ್ದ ಹಾಗೆ. ಮತ್ತೆ ಎಣ್ಣೆ, ಮತ್ತೆ ತಿರುಗಿಸು. ಆಮೇಲೆ ಹೊಡೆಯುವ ಸರದಿ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗುವ ತನಕ ಮತ್ತೆ ಹಾಕಿ, ಅದರ ಮೇಲೆ ಹಿತ್ತಾಳೆ ತುಂಡು ಇಟ್ಟು ಹೊಡೆಯಿರಿ. ಥ್ರೆಡ್ ಉಳಿಯುತ್ತದೆ. ನಟ್ ಫ್ರೇಮಿಗೆ ತಾಗಿದ ಮೇಲೆ ಅದನ್ನು ತೆಗೆದು, ಬೋಲ್ಟಿಗಿಂತ ಒಂದು ಎಳೆ ಸಣ್ಣ ರಾಡಿನಿಂದ ಮುಂದೆ ತಳ್ಳಿ. ಭಾರವಾದ ಸುತ್ತಿಗೆಯ ಕೆಲವು ಗಟ್ಟಿ ಏಟು, ಹಗುರ ಸುತ್ತಿಗೆಯ ನೂರು ಏಟಿಗಿಂತ ಒಳ್ಳೆಯದು. ಹಗುರ ಏಟು ಬೋಲ್ಟಿನ ತುದಿಯನ್ನು ಹೂವಿನ ಹಾಗೆ ಅರಳಿಸುತ್ತದೆ, ಬೋಲ್ಟ್ ಅಲ್ಲೇ ಇರುತ್ತದೆ.

ಕೆಲವು ಬೈಕಿನಲ್ಲಿ ಈ ಬೋಲ್ಟ್ ಎಂಜಿನ್ ಕೇಸಿನ ಹಿಂಭಾಗದ ಮೂಲಕವೂ ಹಾದುಹೋಗುತ್ತದೆ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಕೇಸ್, ಮಧ್ಯೆ ನೀರು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಇಲ್ಲಿ ಅತಿಯಾಗಿ ಹೊಡೆದರೆ ಕೇಸ್ ಬಿರುಕು ಬಿಡಬಹುದು, ಅದು ಎಂಜಿನ್ ಬಿಚ್ಚುವ ಖರ್ಚು. ಹೀಟ್ ಗನ್ನಿನಿಂದ ಅಲ್ಯೂಮಿನಿಯಂ ಭಾಗವನ್ನು ಬಿಸಿ ಮಾಡಿ, ಅದು ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಬೆಂಕಿಯ ಜ್ವಾಲೆ ಮಾತ್ರ ಬೇಡವೇ ಬೇಡ. ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ, ಈಗಷ್ಟೇ ನೀವು ಸುತ್ತಲೂ ಎಣ್ಣೆ ಹಾಕಿದ್ದೀರಿ. ಯಾವುದಕ್ಕೂ ಜಗ್ಗದಿದ್ದರೆ ಆರ್ಮ್ ಮತ್ತು ಫ್ರೇಮಿನ ನಡುವಿನ ಸಂದಿಯಲ್ಲಿ ಗರಗಸದಿಂದ ಬೋಲ್ಟ್ ಕತ್ತರಿಸುವುದು ಕೊನೆಯ ದಾರಿ. ಆ ಹಂತ ಬಂದರೆ ವರ್ಕ್‌ಶಾಪಿಗೆ ಒಪ್ಪಿಸಿ ಎನ್ನುವುದು ನನ್ನ ಸಲಹೆ. ಅಲ್ಲಿ ಪ್ರೆಸ್ ಇರುತ್ತದೆ, ಬದಲಿ ಬೋಲ್ಟ್ ತರಿಸಲು ದಾರಿ ಇರುತ್ತದೆ.

ಬೋಲ್ಟ್ ಹೊರಬರುವಾಗ ಆರ್ಮಿನ ಕೆಳಗೆ ಒಂದು ಡಬ್ಬಿ ಇಡಿ, ಇಲ್ಲದಿದ್ದರೆ ಕಾಲ ಮೇಲೆ ಬೀಳುತ್ತದೆ. ಎರಡು ಪಕ್ಕದ ಧೂಳು ಮುಚ್ಚಳ ಮತ್ತು ತೆಳು ವಾಶರ್‌ಗಳು ಸದ್ದಿಲ್ಲದೆ ಉದುರುತ್ತವೆ. ಅವು ಯಾವ ಬದಿಯವು ಎನ್ನುವುದನ್ನು ಆಗಲೇ ಗುರುತು ಹಾಕಿಕೊಳ್ಳಿ.

ಈಗ ಬೇರಿಂಗ್. ಒಳಗಿನ ಸ್ಲೀವನ್ನು ಬೆರಳಿನಿಂದ ತಳ್ಳಿ ತೆಗೆಯಿರಿ. ಸೂಜಿಗಳು ಪಂಜರದಲ್ಲಿ ಕೂತಿದ್ದರೆ ತೊಂದರೆ ಇಲ್ಲ. ಪಂಜರ ಇಲ್ಲದ ಬಗೆಯಲ್ಲಿ ಸೂಜಿಗಳು ಗ್ರೀಸಿನ ಅಂಟಿಗೆ ಮಾತ್ರ ನಿಂತಿರುತ್ತವೆ, ಸ್ಲೀವ್ ಬಂದ ಕೂಡಲೇ ಉದುರುತ್ತವೆ. ಕೆಳಗೆ ತಟ್ಟೆ ಹಿಡಿದೇ ಸ್ಲೀವ್ ತೆಗೆಯಿರಿ, ಬಿದ್ದವನ್ನು ಎಣಿಸಿ. ಸೀಮೆಎಣ್ಣೆಯಲ್ಲಿ ತೊಳೆದು ಸ್ಲೀವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಚೆನ್ನಾಗಿರುವ ಸ್ಲೀವ್ ಕನ್ನಡಿಯಂತೆ ಒಂದೇ ಸಮ ಹೊಳೆಯುತ್ತದೆ. ಹಾಳಾದದ್ದರಲ್ಲಿ ಒಂದು ಬದಿ ಮಾತ್ರ, ಭಾರ ಬೀಳುವ ಬದಿ, ಪಕ್ಕ ಪಕ್ಕ ಸಣ್ಣ ಗೀರುಗಳು ಕಾಣುತ್ತವೆ, ಪ್ರತಿ ಸೂಜಿ ಒತ್ತಿದ ಜಾಗಕ್ಕೆ ಒಂದರಂತೆ. ಸುತ್ತ ಕೆಂಪು ಕಂದು ಕಲೆ. ಕಲೆ ಬರೀ ಬಣ್ಣವಾ ಇಲ್ಲ ಗುಳಿಯಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಉಗುರು ಎಳೆದು ನೋಡಿ. ಉಗುರು ತಡೆದರೆ ಆ ಸ್ಲೀವ್ ಹೋಯಿತು. ಬರೀ ಬಣ್ಣವಾದರೆ ತೊಳೆದು ಗ್ರೀಸ್ ಹಾಕಿ ಮತ್ತೆ ಬಳಸಬಹುದು. ಬದಲಿಸುವುದಾದರೆ ಬೇರಿಂಗ್ ಮತ್ತು ಸ್ಲೀವ್ ಜೋಡಿಯಾಗಿಯೇ ಬದಲಿಸಿ. ಗೀರು ಬಿದ್ದ ಹಳೆ ಸ್ಲೀವಿನ ಮೇಲೆ ಹೊಸ ಸೂಜಿ ಓಡಿದರೆ ಹೊಸದೂ ಬೇಗ ಹೋಗುತ್ತದೆ.

ಹಳೆ ಬೇರಿಂಗ್ ಹೊರಗೆ ತಳ್ಳುವ ಮೊದಲು ಅದು ಅಂಚಿನಿಂದ ಎಷ್ಟು ಒಳಗೆ ಕೂತಿದೆ ಅಂತ ಅಳೆದು ಬರೆದಿಡಿ. ಹೊಸದು ಅಷ್ಟೇ ಆಳಕ್ಕೆ ಹೋಗಬೇಕು, ಇಲ್ಲದಿದ್ದರೆ ಸೀಲ್ ಕೂರುವುದಿಲ್ಲ. ನೀಡಲ್ ಬೇರಿಂಗಿನ ಹೊರಚಿಪ್ಪು ತೆಳು ತಗಡು, ಸುತ್ತಿಗೆ ಏಟಿಗೆ ಚಪ್ಪಟೆಯಾಗುತ್ತದೆ. ಉದ್ದ ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಶರ್, ಸರಿಯಾದ ಅಳತೆಯ ಸಾಕೆಟ್ ಇಟ್ಟು ನಟ್ ಬಿಗಿ ಮಾಡುತ್ತಾ ನಿಧಾನ ಒಳಗೆ ಎಳೆಯಿರಿ. ಇದು ಎರಡನೇ ಹೆಚ್ಚುವರಿ ಸಾಮಾನು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಆರ್ಮಿನ ಗೂಡನ್ನು ಹೀಟ್ ಗನ್ನಿನಿಂದ ಮುಟ್ಟಲಾಗದಷ್ಟು ಬಿಸಿ ಮಾಡಿದರೆ ಇನ್ನೂ ಸುಲಭ. ನಂಬರ್ ಅಚ್ಚಾಗಿರುವ ಬದಿ ಹೊರಗೆ ಇರಲಿ, ಒತ್ತಡ ಆ ಬದಿಗೇ ಬೀಳಲಿ.

ಗ್ರೀಸ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಮ್ಯಾನುಯಲ್ ಮಾಲಿಬ್ಡಿನಂ ಗ್ರೀಸ್ ಹೇಳಿದ್ದರೆ ಅದೇ ಹಾಕಿ. ಇಲ್ಲದಿದ್ದರೆ ನೀರಿಗೆ ತೊಳೆದು ಹೋಗದ ಒಳ್ಳೆಯ ಎನ್‌ಎಲ್‌ಜಿಐ 2 ದರ್ಜೆಯ (ಇದು ಗ್ರೀಸಿನ ಗಟ್ಟಿತನದ ಅಳತೆ) ಗ್ರೀಸ್ ಸಾಕು. ಗ್ರೀಸಿನ ಹೆಸರಿಗಿಂತ ಹಾಕುವ ರೀತಿ ಮುಖ್ಯ. ಹಳೆಯದನ್ನು ಪೂರ್ತಿ ತೆಗೆದು ಹಾಕಿ, ಬೇರೆ ಜಾತಿಯ ಗ್ರೀಸ್ ಬೆರೆತರೆ ತೆಳುವಾಗಿ ಹರಿದುಹೋಗಬಹುದು. ಬೆರಳಿನಿಂದ ಸೂಜಿಗಳ ನಡುವೆ ತುಂಬಿ ಸೂಜಿಗಳನ್ನು ತಿರುಗಿಸಿ, ಮತ್ತೆ ತುಂಬಿ. ಸ್ಲೀವ್ ತಳ್ಳಿದಾಗ ಎರಡೂ ಕಡೆಯಿಂದ ಗ್ರೀಸ್ ಉಕ್ಕಿ ಬರಬೇಕು. ಸೀಲಿನ ತುಟಿಗೂ ಹಚ್ಚಿ. ಬೋಲ್ಟಿನ ನುಣುಪು ಭಾಗಕ್ಕೆ ತೆಳು ಪದರ ಸಾಕು, ಮುಂದಿನ ಸಲ ತುಕ್ಕು ಹಿಡಿಯುವುದಿಲ್ಲ. ಥ್ರೆಡ್ಡಿಗೆ ಮಾತ್ರ ಮ್ಯಾನುಯಲ್ ಹೇಳದೆ ಗ್ರೀಸ್ ಹಚ್ಚಬೇಡಿ. ಟಾರ್ಕ್ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟಿದ್ದರೆ, ಜಾರುವ ಥ್ರೆಡ್ಡಿನಲ್ಲಿ ಅದೇ ಅಂಕಿ ಬೋಲ್ಟನ್ನು ಜಾಸ್ತಿ ಎಳೆದುಬಿಡುತ್ತದೆ.

ಆರ್ಮ್ ಕೈಯಲ್ಲಿರುವಾಗಲೇ ಅದರ ಮುಂಭಾಗದ ಚೈನ್ ಸ್ಲೈಡರ್ ನೋಡಿ, ಚೈನ್ ಉಜ್ಜುವ ರಬ್ಬರ್ ಪಟ್ಟಿ. ತೆಳುವಾಗಿದ್ದರೆ ಈಗಲೇ ಬದಲಿಸಿ. ಆರ್ಮ್ ಬೈಕಿನಲ್ಲಿರುವಾಗ ಅದನ್ನು ಬದಲಿಸಲು ತುಂಬಾ ಬೈಕ್‌ಗಳಲ್ಲಿ ಆಗುವುದಿಲ್ಲ. ಅದು ತೂತಾದರೆ ಚೈನ್ ಅಲ್ಯೂಮಿನಿಯಂ ಆರ್ಮನ್ನೇ ಗರಗಸದಂತೆ ಕೊಯ್ಯುತ್ತದೆ.

ಜೋಡಿಸುವುದು ಉಲ್ಟಾ ಕ್ರಮ. ಆರ್ಮ್ ಎತ್ತುವ ಮೊದಲು ಚೈನ್ ಅದರ ಸುತ್ತ ಹಾಕಿದ್ದೀರಾ ನೋಡಿ, ಇದನ್ನು ಮರೆತರೆ ಎಲ್ಲ ಮತ್ತೆ ಬಿಚ್ಚಬೇಕು. ಮೊದಲು ಪಿವೋಟ್ ಬಿಗಿ ಮಾಡಿ, ಅಡ್ಜಸ್ಟರ್ ಇದ್ದರೆ ಮ್ಯಾನುಯಲ್ಲಿನ ಕ್ರಮದಲ್ಲೇ. ಆಮೇಲೆ ಶಾಕ್ ಹಾಕುವ ಮೊದಲು ಆರ್ಮನ್ನು ಎತ್ತಿ ಬಿಡಿ. ತನ್ನ ತೂಕಕ್ಕೆ ನಿಧಾನವಾಗಿ ಇಳಿಯಬೇಕು, ಪಕ್ಕಕ್ಕೆ ಅಲುಗಬಾರದು. ಲಿಂಕೇಜಿನ ಎಲ್ಲ ಬೋಲ್ಟ್ ಕೈಯಲ್ಲಿ ಹಾಕಿ ಮುಗಿದ ಮೇಲೆಯೇ ಒಂದೊಂದಾಗಿ ಟಾರ್ಕ್ ಕೊಡಿ. ಮಧ್ಯಮ ಗಾತ್ರದ ಬೈಕಿನಲ್ಲಿ ಲಿಂಕೇಜ್ ಮತ್ತು ಶಾಕ್ ಬೋಲ್ಟ್ ಸಾಮಾನ್ಯವಾಗಿ 40ರಿಂದ 60, ಪಿವೋಟ್ ಮತ್ತು ಆಕ್ಸಲ್ ನಟ್ 100ರ ಆಸುಪಾಸು ನ್ಯೂಟನ್ ಮೀಟರ್ ಇರುತ್ತದೆ. ಇದು ಅಂದಾಜು ಕೊಡಲು ಹೇಳಿದ್ದು. ನಿಮ್ಮ ಬೈಕಿನ ಅಂಕಿಯನ್ನೇ ಬಳಸಿ. ನೈಲಾನ್ ಅಥವಾ ಒತ್ತಿದ ತಲೆಯ ಲಾಕ್ ನಟ್‌ಗಳನ್ನು ಹೊಸದೇ ಹಾಕಿ.

ಇದನ್ನು ಓದುವವರಲ್ಲಿ ಸಣ್ಣ ಬೈಕಿನವರೂ ಇರಬಹುದು. ನೀಡಲ್ ಬೇರಿಂಗ್ ಬದಲು ಸ್ಲೀವಿಗೆ ಅಂಟಿದ ರಬ್ಬರ್ ಬುಷ್ ಇರುವ ಆರ್ಮ್ ಆದರೆ ಗ್ರೀಸಿನ ಕೆಲಸವೇ ಇಲ್ಲ. ಅಲ್ಲಿ ಪಿವೋಟ್ ನಟ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ನೆಲಕ್ಕೆ ಇಳಿದು, ಸೀಟಿನ ಮೇಲೆ ಭಾರ ಬಿದ್ದ ಮೇಲೆ. ಆರ್ಮ್ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಓಡಿಸುವ ಮೊದಲು ಹಿಂದಿನ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಕ್ಯಾಲಿಪರ್ ಪಿಸ್ಟನ್ ಒಳಗೆ ಹೋಗಿರುತ್ತದೆ, ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ. ಸೀಟಿನ ಮೇಲೆ ಜಿಗಿದು ಹೋಸ್, ವೈರ್ ಎಲ್ಲೂ ಎಳೆಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಅಂತ ನೋಡಿ. ಚೈನ್ ಸಡಿಲ ಮತ್ತೆ ಹೊಂದಿಸಿ. ಸ್ಯಾಗ್ ಕೂಡ ಅಳೆದುಬಿಡಿ: ಚಕ್ರ ನೇತಾಡುವಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಇರುವ ದೂರ, ನೀವು ಕೂತಾಗ ಇರುವ ದೂರ, ಇವೆರಡರ ವ್ಯತ್ಯಾಸ. ರಸ್ತೆ ಬೈಕಿಗೆ 30ರಿಂದ 40 ಮಿ.ಮೀ. ಒಳ್ಳೆಯ ಶುರುವಾತು. ಇಷ್ಟು ದಿನ ಬಿಗಿದುಕೊಂಡ ಲಿಂಕೇಜನ್ನು ಮರೆಮಾಚಲು ಯಾರಾದರೂ ಪ್ರಿಲೋಡ್ ತಿರುಗಿಸಿದ್ದರೆ ಅದು ಈಗ ಗೊತ್ತಾಗುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಿ. ನಿಮ್ಮ ಬಳಕೆಗೆ ಈ ಕೆಲಸ 20,000 ಕಿ.ಮೀ.ಗೆ ಅಥವಾ ಎರಡು ವರ್ಷಕ್ಕೊಮ್ಮೆ ಬೇಕು. ಪ್ರೆಶರ್ ವಾಶರ್‌ನ ಮೂತಿಯನ್ನು ಲಿಂಕೇಜ್, ಪಿವೋಟ್, ಚಕ್ರದ ಮಧ್ಯಭಾಗದ ಕಡೆ ಹಿಡಿಯುವುದನ್ನು ಇಂದಿನಿಂದಲೇ ಬಿಡಿ, ಆ ಜಾಗಕ್ಕೆ ಬಕೆಟ್ ನೀರು, ಬ್ರಷ್ ಸಾಕು.